ಕ್ಯಾಲ್ಸಿಯಂ ಮಾತ್ರೆಯಿಂದ ಗರ್ಭಕೋಶದ ಕ್ಯಾನ್ಸರ್ ಬರುತ್ತಾ? ಹೆಂಗಸರು ಮಾತ್ರೆ ಬಿಡ್ತಿದ್ದಾರೆ, ಏನು ಹೇಳೋದು?

ಕೆರೆಕೋಡಿ ಸಿಎಚ್‌ಒ (ಶ್ರೀನಿವಾಸಪುರ ತಾಲೂಕು, ಕೋಲಾರ)

ನಮಸ್ಕಾರ. ನಾನು ಸಿಎಚ್‌ಒ, ಅಂದರೆ ಸಮುದಾಯ ಆರೋಗ್ಯ ಅಧಿಕಾರಿ. ನಮ್ಮ ಉಪಕೇಂದ್ರದ ವ್ಯಾಪ್ತಿಯ ಸ್ವಸಹಾಯ ಸಂಘಗಳಲ್ಲಿ ಒಂದು ಮಾತು ಹಬ್ಬಿದೆ. ಕ್ಯಾಲ್ಸಿಯಂ ಮಾತ್ರೆ ವರ್ಷಗಟ್ಟಲೆ ನುಂಗಿದರೆ ಗರ್ಭಕೋಶದಲ್ಲಿ ಸುಣ್ಣ ಕಟ್ಟುತ್ತೆ, ಅದೇ ಮುಂದೆ ಕ್ಯಾನ್ಸರ್ ಆಗುತ್ತೆ ಅಂತ. ಒಬ್ಬರ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ "ಕ್ಯಾಲ್ಸಿಫೈಡ್ ಫೈಬ್ರಾಯ್ಡ್" ಅಂತ ಬಂದದ್ದೇ ಇದಕ್ಕೆ ಸಾಕ್ಷಿಯಾಗಿಬಿಟ್ಟಿದೆ.

ಇದರಿಂದ ಮೂರು ಥರ ತೊಂದರೆ ಕಾಣ್ತಿದೆ. ಮಂಡಿನೋವು, ಸೊಂಟನೋವು ಅಂತ ಮಾತ್ರೆ ತಗೊಳ್ತಿದ್ದ 45–60ರ ಹೆಂಗಸರು ನಿಲ್ಲಿಸಿದ್ದಾರೆ. ಬಸುರಿಯರು ನಾಲ್ಕನೇ ತಿಂಗಳಿಂದ ಕೊಡುವ ಮಾತ್ರೆಯನ್ನ ಇಸ್ಕೊಂಡು ಹೋಗಿ ಗೂಡಲ್ಲಿ ಇಡ್ತಿದ್ದಾರೆ. ಮೂರನೆಯದೇ ನನಗೆ ಹೆಚ್ಚು ಭಯ. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತದ ಕಲೆ ಕಾಣಿಸಿಕೊಂಡವರು "ಮಾತ್ರೆ ಉಷ್ಣ ಮಾಡಿದೆ, ಬಿಟ್ಟರೆ ನಿಲ್ಲುತ್ತೆ" ಅಂತ ಎಳನೀರು ಕುಡಿದು ಕಾಯ್ತಿದ್ದಾರೆ. ಗರ್ಭಕೋಶದ ಕೊರಳು ನೋಡುವ ವಿಐಎ ಪರೀಕ್ಷೆ ನಾರ್ಮಲ್ ಬಂದಿದೆ ಅನ್ನೋ ಧೈರ್ಯ ಬೇರೆ.

ಕ್ಯಾಲ್ಸಿಯಂಗೂ ಗರ್ಭಕೋಶದ ಕ್ಯಾನ್ಸರಿಗೂ ನಿಜವಾಗಿ ಏನು ಸಂಬಂಧ? ಯಾರಿಗೆ ಎಷ್ಟು ಮಾತ್ರೆ ಬೇಕು, ಯಾರಿಗೆ ಬೇಡ? ಮುಟ್ಟು ನಿಂತ ಮೇಲೆ ಕಲೆ ಕಂಡವರನ್ನ ಎಲ್ಲಿಗೆ, ಯಾವ ಪರೀಕ್ಷೆಗೆ ಕಳಿಸಬೇಕು? ಆಶಾ ಅಕ್ಕಂದಿರಿಗೆ ಅರ್ಥ ಆಗುವ ಹಾಗೆ ಹೇಳಿದರೆ ಮುಂದಿನ ತಿಂಗಳ ಸಭೆಯಲ್ಲಿ ಓದಿ ಹೇಳ್ತೀನಿ.

ಒಬಿಜಿ ತುಮಕೂರು

ಮೇಡಂ, ಸ್ತ್ರೀರೋಗ ಡಾಕ್ಟರಾಗಿ ಹೇಳ್ತೀನಿ, ಮೂರನೇ ಗುಂಪಿನವರನ್ನ ಈ ವಾರವೇ ಕಳಿಸಿ, ಸಭೆವರೆಗೂ ಕಾಯಬೇಡಿ. ಕಾರಣ ಕೆಳಗಿದೆ.

ಕ್ಯಾಲ್ಸಿಯಂ ಮಾತ್ರೆಯಿಂದ ಗರ್ಭಕೋಶದ ಕ್ಯಾನ್ಸರ್ ಬರುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಈ ವಿಚಾರದಲ್ಲಿ ದೊಡ್ಡ ಪರೀಕ್ಷೆ ಅಂದರೆ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್. ಮುಟ್ಟು ನಿಂತ, 50ರಿಂದ 79 ವಯಸ್ಸಿನ 36,282 ಹೆಂಗಸರನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ 1000 ಮಿ.ಗ್ರಾಂ ಕ್ಯಾಲ್ಸಿಯಂ ಮತ್ತು 400 ಐಯು ವಿಟಮಿನ್ ಡಿ, ಇನ್ನೊಂದಕ್ಕೆ ನೋಡೋಕೆ ಅದೇ ಥರದ, ಔಷಧಿ ಇಲ್ಲದ ಬರೀ ಮಾತ್ರೆ. ಸುಮಾರು 7 ವರ್ಷ ಕೊಟ್ಟ ಮೇಲೂ ಒಟ್ಟು ಕ್ಯಾನ್ಸರಿನ ಪ್ರಮಾಣದಲ್ಲಿ ಎರಡು ಗುಂಪಿಗೂ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಅದೇ ಹೆಂಗಸರನ್ನ 20 ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ ಲೆಕ್ಕ 2024ರಲ್ಲಿ ಹೊರಬಂತು. ಮಾತ್ರೆ ತಗೊಂಡವರಲ್ಲಿ ಕ್ಯಾನ್ಸರಿನ ಸಾವು 7% ಕಡಿಮೆ, ಹೃದಯ–ರಕ್ತನಾಳದ ಕಾಯಿಲೆಯ ಸಾವು 6% ಹೆಚ್ಚು. ಎರಡೂ ಸಣ್ಣ ಅಂತರ. ಹಾಗಾಗಿ ಇದನ್ನ ಕ್ಯಾನ್ಸರ್ ತಡೆಯುವ ಮಾತ್ರೆ ಅಂತಲೂ ಕೊಡಬಾರದು, ಕ್ಯಾನ್ಸರ್ ತರುವ ಮಾತ್ರೆ ಅಂತಲೂ ಹೆದರಬಾರದು. ಆ ಪರೀಕ್ಷೆಯಲ್ಲಿ ಖಚಿತವಾಗಿ ಕಂಡ ತೊಂದರೆ ಮೂತ್ರಪಿಂಡದ ಕಲ್ಲು. ಮಾತ್ರೆ ತಗೊಂಡವರಲ್ಲಿ ಅದು 17% ಹೆಚ್ಚಿತ್ತು.

ಹಾಗಾದರೆ ಊರಿನವರ ಕಣ್ಣಿಗೆ ಎರಡೂ ಜೊತೆಜೊತೆಗೆ ಯಾಕೆ ಕಾಣುತ್ತೆ? ಕ್ಯಾಲ್ಸಿಯಂ ಮಾತ್ರೆ ಶುರು ಮಾಡೋದು 45–50ರಲ್ಲಿ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಕಾಣಿಸಿಕೊಳ್ಳೋದೂ ಹೆಚ್ಚಾಗಿ ಅದೇ ವಯಸ್ಸು ದಾಟಿದ ಮೇಲೆ. ಇನ್ನೊಂದು ಕೊಂಡಿ ಇದೆ. ಮಾತ್ರೆ ಬರೆಸಿಕೊಳ್ಳೋರಲ್ಲಿ ಮಂಡಿನೋವಿನವರು ಬಹಳ, ಮಂಡಿ ಸವೆಯೋದಕ್ಕೆ ಮೈತೂಕ ದೊಡ್ಡ ಕಾರಣ, ಆ ಮೈತೂಕವೇ ಈ ಕ್ಯಾನ್ಸರಿಗೂ ದೊಡ್ಡ ಕಾರಣ. ಮಾತ್ರೆ ನಡುವೆ ಸಿಕ್ಕಿಕೊಂಡು ಬೈಸಿಕೊಳ್ತಿದೆ ಅಷ್ಟೇ.

ತೂಕದಿಂದ ಹೇಗೆ ಬರುತ್ತೆ ಅನ್ನೋದನ್ನ ಆಶಾ ಅಕ್ಕಂದಿರಿಗೆ ಹೀಗೆ ಹೇಳಿ. ಒಳಪದರಕ್ಕೆ ಈಸ್ಟ್ರೊಜೆನ್ ಗೊಬ್ಬರ ಇದ್ದ ಹಾಗೆ, ಪದರ ಬೆಳೆಸುತ್ತೆ. ಪ್ರೊಜೆಸ್ಟರಾನ್ ಅದನ್ನ ಹದಕ್ಕೆ ತಂದು ತಿಂಗಳಿಗೊಮ್ಮೆ ಕೊಯ್ಲು ಮಾಡಿಸುತ್ತೆ. ಮುಟ್ಟು ನಿಂತ ಮೇಲೆ ಅಂಡಾಶಯ ಎರಡನ್ನೂ ನಿಲ್ಲಿಸುತ್ತೆ. ಆದರೆ ಮೈಯ ಕೊಬ್ಬಿನಲ್ಲಿರುವ ಅರೊಮಟೇಸ್ ಅನ್ನೋ ಕಿಣ್ವ ಬೇರೆ ಹಾರ್ಮೋನುಗಳನ್ನ ಈಸ್ಟ್ರೊಜೆನ್ ಆಗಿ ಬದಲಿಸ್ತಾನೇ ಇರುತ್ತೆ. ಕೊಬ್ಬು ಹೆಚ್ಚಿದ್ದಷ್ಟೂ ಗೊಬ್ಬರ ಬೀಳ್ತಾ ಇರುತ್ತೆ, ಕೊಯ್ಯೋರು ಇಲ್ಲ. ಪದರ ದಪ್ಪ ಆಗುತ್ತೆ, ಕೋಶಗಳು ಕ್ರಮ ತಪ್ಪುತ್ತವೆ, ಕೆಲವರಲ್ಲಿ ಕ್ಯಾನ್ಸರ್ ಆಗುತ್ತೆ. ಕ್ಯಾಲ್ಸಿಯಂ ಹಾರ್ಮೋನೂ ಅಲ್ಲ, ಹಾರ್ಮೋನಿನ ಕೆಲಸವನ್ನೂ ಮಾಡಲ್ಲ.

ನಿಜವಾಗಿ ಕೇಳಬೇಕಾದ್ದು ಇವು: ಸಕ್ಕರೆ ಕಾಯಿಲೆ, ಪಿಸಿಒಡಿ (ಅಂಡಾಶಯದಲ್ಲಿ ನೀರುಗುಳ್ಳೆ) ಇದ್ದು ಎರಡು ಮೂರು ತಿಂಗಳಿಗೊಮ್ಮೆ ಮುಟ್ಟಾಗುತ್ತಿದ್ದ ಹಿನ್ನೆಲೆ, ಮಕ್ಕಳಾಗದೇ ಇರೋದು, 55 ಆದರೂ ಮುಟ್ಟು ನಿಲ್ಲದೇ ಇರೋದು, ಗರ್ಭಕೋಶ ಇದ್ದೂ ಪ್ರೊಜೆಸ್ಟರಾನ್ ಇಲ್ಲದೆ ಬರೀ ಈಸ್ಟ್ರೊಜೆನ್ ಮಾತ್ರೆ ತಗೊಂಡದ್ದು, ಸ್ತನ ಕ್ಯಾನ್ಸರಿಗೆ ಟಮಾಕ್ಸಿಫೆನ್ ತಗೊಳ್ತಿರೋದು, ರಕ್ತಸಂಬಂಧಿಗಳಲ್ಲಿ 50ಕ್ಕೆ ಮುಂಚೆ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್. 45ರ ಒಳಗಿನವರಿಗೆ ಬಂದರೆ ಅಲ್ಲಿ ಸಾಮಾನ್ಯವಾಗಿ ತೂಕ ಮತ್ತು ಪಿಸಿಒಡಿ ಒಟ್ಟಿಗೆ ಇರುತ್ತೆ, ಇಲ್ಲವೇ ವಂಶದ ಹಿನ್ನೆಲೆ ಇರುತ್ತೆ. ಚಿಕ್ಕ ವಯಸ್ಸು ಅಂತ ತಳ್ಳಿಹಾಕಬೇಡಿ.

"ಕ್ಯಾಲ್ಸಿಫೈಡ್ ಫೈಬ್ರಾಯ್ಡ್" ವಿಷಯ. ಫೈಬ್ರಾಯ್ಡ್ ಅಂದರೆ ಗರ್ಭಕೋಶದ ಸ್ನಾಯುವಿನ ಗಡ್ಡೆ, ಕ್ಯಾನ್ಸರ್ ಅಲ್ಲ. ಮುಟ್ಟು ನಿಂತ ಮೇಲೆ ಅದಕ್ಕೆ ರಕ್ತ ಸಾಲದೆ ಒಳಗೇ ಸತ್ತ ಭಾಗದಲ್ಲಿ ಸುಣ್ಣ ಕೂರುತ್ತೆ. ಹಳೇ ಗಾಯ ಕಲ್ಲಾಗುವ ಥರ. ಇದು ಗಡ್ಡೆ ಸುಮ್ಮನಾಗಿದೆ ಅನ್ನೋದರ ಗುರುತು. ಜೀವನದಲ್ಲಿ ಒಂದು ಕ್ಯಾಲ್ಸಿಯಂ ಮಾತ್ರೆ ನುಂಗದವರಲ್ಲೂ ಆಗುತ್ತೆ, ಮಾತ್ರೆ ಬಿಟ್ಟರೂ ಕರಗಲ್ಲ.

ಈಗ ಮುಟ್ಟು ನಿಂತ ಮೇಲಿನ ಕಲೆ. ಸತತ 12 ತಿಂಗಳು ಮುಟ್ಟು ಬಾರದೇ ಇದ್ದು ಆಮೇಲೆ ಒಂದೇ ಒಂದು ದಿನ ಕಂದು ಕಲೆ ಕಂಡರೂ ಅದನ್ನ ರಕ್ತಸ್ರಾವ ಅಂತಲೇ ಲೆಕ್ಕ ಹಾಕಬೇಕು. ಹೀಗೆ ಬಂದವರಲ್ಲಿ ಬಹುಪಾಲು ಮಂದಿಗೆ ಕಾರಣ ಪದರ ಒಣಗಿರೋದು ಅಥವಾ ಪಾಲಿಪ್, ಅಂದರೆ ಪದರದ ಸಣ್ಣ ಗಂಟು. ಆದರೆ ಸರಿಸುಮಾರು ಹತ್ತರಲ್ಲಿ ಒಬ್ಬರಿಗೆ ಕ್ಯಾನ್ಸರ್ ಇರುತ್ತೆ. ಇನ್ನೊಂದು ಕಡೆಯಿಂದ ನೋಡಿದರೆ, ಈ ಕ್ಯಾನ್ಸರ್ ಇರೋ ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ರಕ್ತಸ್ರಾವವೇ ಮೊದಲ ಸೂಚನೆ. ಕಾಯಿಲೆ ತಾನೇ ಮುಂಚೆ ಬಾಗಿಲು ತಟ್ಟುತ್ತೆ ಅನ್ನೋದೇ ನಮ್ಮ ಅದೃಷ್ಟ. ಆ ಕಲೆಗೆ "ಉಷ್ಣ" ಅಂತ ಹೆಸರಿಟ್ಟು ಆರು ತಿಂಗಳು ಕೂತರೆ ಆ ಅದೃಷ್ಟವನ್ನ ಕೈಯಾರೆ ಕಳಕೊಂಡ ಹಾಗೆ. ಗರ್ಭಕೋಶದ ಒಳಗೇ ಇದ್ದಾಗ ಸಿಕ್ಕರೆ ಆಪರೇಷನ್‌ನಿಂದಲೇ ಹೆಚ್ಚಿನವರು ಗುಣ ಆಗ್ತಾರೆ.

ವಿಐಎ ನಾರ್ಮಲ್ ಅನ್ನೋದನ್ನ ಇಲ್ಲಿ ಲೆಕ್ಕಕ್ಕೇ ತಗೋಬೇಡಿ. ಅಸಿಟಿಕ್ ಆಮ್ಲ ಹಚ್ಚಿ ನೋಡೋದು ಗರ್ಭಕೋಶದ ಕೊರಳನ್ನ. ಒಳಪದರ ಅದಕ್ಕೆ ಕಾಣಲ್ಲ. ಪ್ಯಾಪ್ ಸ್ಮಿಯರ್ ಕೂಡ ಅಷ್ಟೇ, ಒಳಪದರಕ್ಕೆ ಅದು ಪರೀಕ್ಷೆ ಅಲ್ಲ.

ಮೊದಲ ಹೆಜ್ಜೆ ಯೋನಿ ಮೂಲಕ ಮಾಡುವ ಸ್ಕ್ಯಾನಿಂಗ್, ಟಿವಿಎಸ್ ಅಂತ ಚೀಟಿಯಲ್ಲಿ ಬರೀರಿ. ಹೊಟ್ಟೆ ಮೇಲಿಂದ ಮಾಡಿದ್ದರಲ್ಲಿ ಪದರದ ಅಳತೆ ಸರಿ ಸಿಗಲ್ಲ, ದಪ್ಪ ಮೈಯವರಲ್ಲಂತೂ ಸಿಗೋದೇ ಇಲ್ಲ. ಟಿವಿಎಸ್ ಮಾಡುವಾಗ ಮೂತ್ರ ಕಟ್ಟಿಕೊಂಡು ಬರಬೇಕಾಗಿಲ್ಲ, ಖಾಲಿ ಇರಬೇಕು. ಇದು ಗೊತ್ತಿಲ್ಲದೆ ಎರಡು ಬಾಟಲಿ ನೀರು ಕುಡಿದು ಸಂಕಟಪಡ್ತಾ ಕೂರ್ತಾರೆ. ಪದರ 4 ಮಿ.ಮೀ. ಅಥವಾ ಕಡಿಮೆ ಇದ್ದರೆ ಕ್ಯಾನ್ಸರ್ ಸಾಧ್ಯತೆ 1%ಗಿಂತ ಕಡಿಮೆ. ಅದಕ್ಕಿಂತ ದಪ್ಪ ಇದ್ದರೆ, ಪದರ ಸರಿಯಾಗಿ ಕಾಣದಿದ್ದರೆ, ಅಥವಾ ತೆಳ್ಳಗಿದ್ದೂ ಕಲೆ ಮರುಕಳಿಸಿದರೆ ಬಯಾಪ್ಸಿ, ಅಂದರೆ ಪದರದ ಚೂರು ತೆಗೆದು ಪರೀಕ್ಷೆ, ಆಗಲೇಬೇಕು.

ಒಂದು ಎಚ್ಚರ. ಈ 4 ಮಿ.ಮೀ. ಲೆಕ್ಕ ಮುಟ್ಟು ನಿಂತು ರಕ್ತಸ್ರಾವ ಆದವರಿಗೆ ಮಾತ್ರ. ಇನ್ನೂ ಮುಟ್ಟಾಗುವವರಲ್ಲಿ ಮುಟ್ಟಿಗೆ ಮುಂಚಿನ ವಾರ ಪದರ 12–14 ಮಿ.ಮೀ. ಇರೋದು ಸಹಜ. 38 ವಯಸ್ಸಿನವರ ರಿಪೋರ್ಟಿನಲ್ಲಿ 12 ಅಂತ ನೋಡಿ "ಗರ್ಭಕೋಶ ತೆಗೆಸಿಬಿಡೋಣ" ಅಂತ ಹೊರಡೋದು ದೊಡ್ಡ ಅನ್ಯಾಯ. ಅವರಿಗೆ ಆ ತಿಂಗಳ ಮುಟ್ಟು ಮುಗಿದ ತಕ್ಷಣದ ದಿನಗಳಲ್ಲಿ ಮತ್ತೊಮ್ಮೆ ಅಳತೆ ತೆಗೆಸಿ.

ಇನ್ನೂ ಮುಟ್ಟಾಗುವವರಲ್ಲಿ ಬಯಾಪ್ಸಿ ಬೇಕಾಗೋದು 45 ದಾಟಿ ಮುಟ್ಟು ಅಡ್ಡಾದಿಡ್ಡಿ ಆದಾಗ, ಅಥವಾ 45ರ ಒಳಗೇ ಇದ್ದರೂ ತೂಕ, ಪಿಸಿಒಡಿ, ಸಕ್ಕರೆ ಇದ್ದು ಔಷಧಿಗೆ ರಕ್ತಸ್ರಾವ ಬಗ್ಗದೇ ಇದ್ದಾಗ.

ಮದ್ದಿನಂಗಡಿ ಕೋಲಾರ

ಡಾಕ್ಟರ್ ಕ್ಯಾನ್ಸರ್ ಭಾಗ ಹೇಳಿದ್ದಾರೆ. ಮಾತ್ರೆ ಭಾಗ ನಾನು ಬರೀತೀನಿ. ಕ್ಯಾನ್ಸರ್ ತರದಿದ್ದರೂ ಕ್ಯಾಲ್ಸಿಯಂ ಮಾತ್ರೆಯನ್ನ ತಪ್ಪಾಗಿ ತಗೊಳ್ಳೋರು ಬಹಳ ಮಂದಿ.

ಸ್ಟ್ರಿಪ್ಪಿನ ಹಿಂದೆ ಎರಡು ಅಂಕಿ ಇರುತ್ತೆ. "ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ" ಅಂತ ಮೇಲಿದ್ದರೆ ಕೆಳಗೆ "ಎಲಿಮೆಂಟಲ್ ಕ್ಯಾಲ್ಸಿಯಂ 500 ಮಿ.ಗ್ರಾಂಗೆ ಸಮ" ಅಂತ ಇರುತ್ತೆ. ಲೆಕ್ಕಕ್ಕೆ ಬೇಕಾದ್ದು ಆ 500. ಕಾರ್ಬೊನೇಟಿನಲ್ಲಿ ಕ್ಯಾಲ್ಸಿಯಂ 40%, ಸಿಟ್ರೇಟಿನಲ್ಲಿ 21%. ಅಂದರೆ 1000 ಮಿ.ಗ್ರಾಂ ಸಿಟ್ರೇಟ್ ಅಂತ ದೊಡ್ಡದಾಗಿ ಬರೆದಿದ್ದರೂ ಒಳಗಿರೋದು ಸುಮಾರು 210. ದೊಡ್ಡ ಅಂಕಿ ನೋಡಿ ಒಂದನ್ನ ಅರ್ಧ ಮಾಡೋರು, ಇನ್ನೊಂದನ್ನ ಎರಡೆರಡು ನುಂಗೋರು, ಎರಡೂ ಥರದವರು ಸಿಗ್ತಾರೆ.

ಒಂದು ಸಲಕ್ಕೆ 500ಕ್ಕಿಂತ ಹೆಚ್ಚು ತಗೊಂಡರೆ ಕರುಳು ಹೀರಿಕೊಳ್ಳೋ ಪಾಲು ಕಡಿಮೆಯಾಗ್ತಾ ಹೋಗುತ್ತೆ. 1000 ಬರೆದಿದ್ದರೆ ಎರಡು ಹೊತ್ತಿಗೆ ಹಂಚಿ. ಕಾರ್ಬೊನೇಟ್ ಕರಗೋಕೆ ಹೊಟ್ಟೆಯ ಆಮ್ಲ ಬೇಕು, ಅದಕ್ಕೇ ಊಟದ ಜೊತೆಯಲ್ಲೇ, ತುತ್ತಿನ ನಡುವೆ ತಗೊಂಡರೂ ಸರಿ. ಖಾಲಿ ಹೊಟ್ಟೆಗೆ ಬೇಡ. ಗ್ಯಾಸ್ಟ್ರಿಕ್‌ಗೆ ಅಂತ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ತಿಂಗಳುಗಟ್ಟಲೆ ತಗೊಳ್ತಿರೋರಿಗೆ ಆಮ್ಲವೇ ಕಡಿಮೆ, ಅವರಿಗೆ ಕಾರ್ಬೊನೇಟ್ ಸರಿಯಾಗಿ ಹತ್ತಲ್ಲ. ಡಾಕ್ಟರ್ ಹತ್ತಿರ ಕೇಳಿ ಸಿಟ್ರೇಟಿಗೆ ಬದಲಿಸಬೇಕು.

ಮಾತ್ರೆ ಹೊಟ್ಟೆಯಲ್ಲಿ ಒಡೆಯುತ್ತೋ ಇಲ್ವೋ ಅನ್ನೋ ಅನುಮಾನ ಇದ್ದರೆ ಒಂದು ಲೋಟಕ್ಕೆ ನಾಲ್ಕು ಚಮಚ ವಿನೆಗರ್ ಹಾಕಿ ಕಾರ್ಬೊನೇಟ್ ಮಾತ್ರೆ ಬಿಡಿ. ಮೊದಲು ಸುತ್ತ ಸಣ್ಣ ಗುಳ್ಳೆ ಏಳುತ್ತೆ, ಮೇಲಿನ ಲೇಪ ಸಿಪ್ಪೆಯ ಹಾಗೆ ಬಿಡುತ್ತೆ, ಒಳಗಿನ ಬಿಳಿ ಪುಡಿ ತಳದಲ್ಲಿ ಕೂರುತ್ತೆ. ಆಗಾಗ ಕಲಕಿ, ಅರ್ಧ ಗಂಟೆಯೊಳಗೆ ಆಕಾರ ಪೂರ್ತಿ ಹೋಗಬೇಕು. ಗಟ್ಟಿಯಾಗಿ ಹಾಗೇ ಕೂತಿದ್ದರೆ ಆ ಕಂಪನಿಯ ಮಾತ್ರೆ ಬದಲಿಸಿ.

ಬೇರೆ ಮಾತ್ರೆಗಳ ಜೊತೆ ಜಗಳ ಇದೆ. ಕಬ್ಬಿಣದ ಮಾತ್ರೆಗೂ ಇದಕ್ಕೂ ಕನಿಷ್ಠ 2 ಗಂಟೆ ಅಂತರ. ಥೈರಾಯ್ಡ್ ಮಾತ್ರೆಗೆ 4 ಗಂಟೆ. ಸಿಪ್ರೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್ ಥರದ ಆಂಟಿಬಯೋಟಿಕ್ ಕೊಟ್ಟಿದ್ದರೆ ಆ ಐದಾರು ದಿನ ಕ್ಯಾಲ್ಸಿಯಂ ನಿಲ್ಲಿಸೋದೇ ವಾಸಿ, ಇಲ್ಲದಿದ್ದರೆ ಎರಡೂ ಕರುಳಲ್ಲಿ ಕಚ್ಚಿಕೊಂಡು ಆಂಟಿಬಯೋಟಿಕ್ ಮೈಗೆ ಹೋಗದೆ ಹೊರಗೆ ಹೋಗುತ್ತೆ. ಮೂಳೆ ಸವೆತಕ್ಕೆ ವಾರಕ್ಕೊಂದು ಅಲೆಂಡ್ರೊನೇಟ್ ತಗೊಳ್ಳೋರು ಆ ದಿನ ಬೆಳಗ್ಗೆ ಅದನ್ನ ಬರೀ ನೀರಲ್ಲಿ ತಗೊಂಡು ಅರ್ಧ ಗಂಟೆ ಮಲಗದೇ ಇರಬೇಕು, ಕ್ಯಾಲ್ಸಿಯಂ ಮಧ್ಯಾಹ್ನಕ್ಕೆ.

ಹಾಗಾಗಿ ಥೈರಾಯ್ಡ್ ಇರೋ ಹೆಂಗಸಿಗೆ ನಾನು ಬರೆದುಕೊಡೋ ಚೀಟಿ ಹೀಗಿರುತ್ತೆ: ಬೆಳಗ್ಗೆ ಆರಕ್ಕೆ ಥೈರಾಯ್ಡ್, ಮಧ್ಯಾಹ್ನ ಊಟದ ಜೊತೆ ಕ್ಯಾಲ್ಸಿಯಂ, ರಾತ್ರಿ ಊಟ ಆಗಿ ಎರಡು ಗಂಟೆ ಬಿಟ್ಟು ಮಲಗುವಾಗ ಕಬ್ಬಿಣ.

ಕ್ಯಾಲ್ಸಿಯಂಗಿಂತ ನಿಜವಾದ ಅಪಾಯ ಅದರ ಜೊತೆ ಬರೆಯುವ ವಿಟಮಿನ್ ಡಿ 60,000 ಐಯು ಸ್ಯಾಶೆಯಲ್ಲಿದೆ. ಅದು ವಾರಕ್ಕೆ ಒಂದು, ಸಾಮಾನ್ಯವಾಗಿ 8 ವಾರ. ದಿನಾ ಒಂದು ಅಂತ ತಿಳಿದು ತಿಂಗಳು ಪೂರ್ತಿ ಹಾಲಿಗೆ ಹಾಕಿಕೊಂಡು ಕುಡಿಯೋರಿದ್ದಾರೆ. ಹಾಗೆ ತಗೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ಮಲಬದ್ಧತೆ, ಮಂಕು ಬರುತ್ತೆ, ಕಿಡ್ನಿಗೆ ಪೆಟ್ಟು ಬೀಳುತ್ತೆ. ಕವರಿನ ಮೇಲೆ ಕನ್ನಡದಲ್ಲಿ "ಭಾನುವಾರ ಮಾತ್ರ" ಅಂತ ಬರೆದು ಕೊಡಿ. ವಾರದ ಹೆಸರು ಬರೆದರೆ ತಪ್ಪು ಕಡಿಮೆ, "ವಾರಕ್ಕೊಮ್ಮೆ" ಅಂದರೆ ಮರೀತಾರೆ.

ಕಿಡ್ನಿ ಕಲ್ಲು ಇದ್ದವರು, ಕಿಡ್ನಿ ಕಾಯಿಲೆಯವರು, ಬಿಪಿಗೆ ಥಯಜೈಡ್ ಥರದ ಮೂತ್ರದ ಮಾತ್ರೆ ತಗೊಳ್ಳೋರು ಕೇಳದೆ ಕ್ಯಾಲ್ಸಿಯಂ ಶುರು ಮಾಡಬಾರದು.

ಕೊನೆಗೆ ಒಂದು. ಮಾತ್ರೆ ಬೇಡ ಅಂತ ಎಲೆಗೆ ಹಚ್ಚುವ ಸುಣ್ಣವನ್ನ ಮಜ್ಜಿಗೆಗೆ ಕಲಸಿ ಕುಡಿಯೋ ಅಭ್ಯಾಸ ಕೆಲವು ಕಡೆ ಇದೆ. ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಬಾಯಿ, ಅನ್ನನಾಳ ಸುಡುತ್ತೆ. ಎಲೆಅಡಿಕೆಯಿಂದ ಕ್ಯಾಲ್ಸಿಯಂ ಸಿಗುತ್ತೆ ಅಂತ ಹಾಕ್ಕೊಳ್ಳೋರಿಗೂ ತಿಳಿಸಿ, ಅಡಿಕೆ ಬಾಯಿ ಕ್ಯಾನ್ಸರಿಗೆ ಖಚಿತ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪಟ್ಟಿ ಮಾಡಿದೆ. ಕ್ಯಾನ್ಸರಿಗೆ ಹೆದರಿ ಮಾತ್ರೆ ಬಿಟ್ಟು ಅಡಿಕೆ ಜಗಿಯೋದು ತೀರಾ ತಲೆಕೆಳಗಾದ ಲೆಕ್ಕ.

ರಾಗಿಹಿಟ್ಟು ಡಯಟ್ (ಚಿಕ್ಕಬಳ್ಳಾಪುರ)

ಯಾರಿಗೆ ಮಾತ್ರೆ ಬೇಕು ಅನ್ನೋದನ್ನ ತಟ್ಟೆ ನೋಡಿ ನಿರ್ಧರಿಸಬೇಕು. ರಾಷ್ಟ್ರೀಯ ಪೋಷಣಾ ಸಂಸ್ಥೆಯ (ಐಸಿಎಂಆರ್–ಎನ್ಐಎನ್) 2020ರ ಲೆಕ್ಕದ ಪ್ರಕಾರ ದೊಡ್ಡವರಿಗೆ ದಿನಕ್ಕೆ 1000 ಮಿ.ಗ್ರಾಂ ಕ್ಯಾಲ್ಸಿಯಂ, ಮುಟ್ಟು ನಿಂತ ಹೆಂಗಸರಿಗೂ ಹಾಲೂಡಿಸುವ ತಾಯಂದಿರಿಗೂ 1200. ಹಳೇ ಪುಸ್ತಕಗಳಲ್ಲಿ 600 ಅಂತ ಇರುತ್ತೆ, ಅದು 2010ರ ಲೆಕ್ಕ.

ನಮ್ಮ ಮೂರೂ ಜಿಲ್ಲೆಯ ಅದೃಷ್ಟ ರಾಗಿ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿ.ಗ್ರಾಂ ಕ್ಯಾಲ್ಸಿಯಂ. ಅಷ್ಟೇ ಅಕ್ಕಿಯಲ್ಲಿ 10 ಕೂಡ ಇಲ್ಲ. ಅಕ್ಕಂದಿರಿಗೆ ಮುದ್ದೆ ತೋರಿಸಿ ಹೇಳೋದಾದರೆ, ಒಣ ಹಿಟ್ಟು 80 ಗ್ರಾಂ ಹಿಡಿದ ಮುದ್ದೆಗೆ 290 ಅಂತ ಹಿಡೀರಿ. ಎರಡು ಹೊತ್ತು ಮುದ್ದೆ ಉಂಡರೆ 580. ಹಾಲು, ಮೊಸರು ಸೇರಿ 300 ಮಿ.ಲೀ. ಆದರೆ 350ರ ಹತ್ತಿರ. ದಂಟಿನ ಸೊಪ್ಪಿನ ಅಥವಾ ನುಗ್ಗೆ ಸೊಪ್ಪಿನ ಬಸ್ಸಾರು, 100 ಗ್ರಾಂ ಸೊಪ್ಪಿಗೆ 300ರ ಮೇಲೆ. ಇಷ್ಟು ದಿನಾ ಉಣ್ಣುವ ಹೆಂಗಸಿಗೆ 1200 ತಟ್ಟೆಯಲ್ಲೇ ಬಂತು. ಅವರಿಗೆ ಮಾತ್ರೆ ಬೇಕೇ ಬೇಕು ಅಂತೇನಿಲ್ಲ.

ಆದರೆ ಈಗಿನ ತಟ್ಟೆ ಹಾಗಿಲ್ಲ. ಬೆಳಗ್ಗೆ ಇಡ್ಲಿ ಅಥವಾ ಚಿತ್ರಾನ್ನ, ಮಧ್ಯಾಹ್ನ ಅನ್ನ–ಸಾರು, ರಾತ್ರಿ ಅನ್ನ, ನಡುವೆ ಎರಡು ಸಣ್ಣ ಕಾಫಿ. ಕರೆದ ಹಾಲು ಡೇರಿಗೆ ಹೋಗುತ್ತೆ, ಮನೆಗೆ ಉಳಿಯೋದು ಕಾಫಿಗೆ ಆಗುವಷ್ಟು. ಆ ತಟ್ಟೆ ಕೂಡಿಸಿದರೆ 350 ದಾಟೋದು ಕಷ್ಟ. ಅವರಿಗೆ ಮಧ್ಯಾಹ್ನ ಊಟದ ಜೊತೆ 500ರ ಒಂದು ಮಾತ್ರೆ, ರಾತ್ರಿಗೆ ಒಂದು ಮುದ್ದೆ, ಇಷ್ಟು ಕೂಡಿಸಿದರೆ ಗುರಿಯ ಹತ್ತಿರ ಬರ್ತಾರೆ. ಊಟದ್ದೂ ಮಾತ್ರೆಯದೂ ಸೇರಿ 50 ದಾಟಿದವರಿಗೆ ದಿನಕ್ಕೆ 2000 ಮೀರಬಾರದು. "ಇನ್ನೂ ಗಟ್ಟಿ ಆಗಲಿ" ಅಂತ ಮೇಲೆ ಮೇಲೆ ಹಾಕಿದರೆ ಮೂಳೆಗೆ ಲಾಭ ಇಲ್ಲ, ಕಲ್ಲಿಗೆ ದಾರಿ.

ರಾಗಿಯಲ್ಲಿ ಫೈಟೇಟ್ ಇರೋದರಿಂದ ಇರುವಷ್ಟೂ ಮೈಗೆ ಹತ್ತಲ್ಲ ಅನ್ನೋದು ನಿಜ. ರಾಗಿಯನ್ನ ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿದ ಹಿಟ್ಟಿನಲ್ಲಿ ಫೈಟೇಟ್ ಕಡಿಮೆ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದ್ದರೂ ಆಕ್ಸಲೇಟ್ ಕಟ್ಟಿಹಾಕುತ್ತೆ, ಅದನ್ನ ಈ ಲೆಕ್ಕಕ್ಕೆ ಸೇರಿಸಬೇಡಿ. ಬಿಳಿ ಎಳ್ಳು ಒಂದು ದೊಡ್ಡ ಚಮಚ, ಸುಮಾರು 10 ಗ್ರಾಂ, ಪುಡಿ ಮಾಡಿ ಚಟ್ನಿಗೆ ಹಾಕಿದರೆ 120ರಷ್ಟು ಸಿಗುತ್ತೆ. ಇಡಿಯಾಗಿ ನುಂಗಿದ ಎಳ್ಳು ಹಾಗೇ ಹೊರಗೆ ಹೋಗುತ್ತೆ.

ನೀರಿನ ಮಾತೂ ಬರಬೇಕು. ನಮ್ಮ ಬೋರ್‌ವೆಲ್ ನೀರು ಗಡಸು, ಪಾತ್ರೆಯ ಒಳಗೆ ಬಿಳಿ ಪರೆ ಕಟ್ಟುತ್ತೆ. ಅದು ಗರ್ಭಕೋಶದಲ್ಲೂ ಹಾಗೇ ಕಟ್ಟುತ್ತೆ ಅನ್ನೋದೇ ಈ ಸುದ್ದಿಯ ಬೇರು ಅಂತ ನನ್ನ ಅನಿಸಿಕೆ. ಪಾತ್ರೆಯಲ್ಲಿ ಪರೆ ಕಟ್ಟೋದು ಕಾಯಿಸಿದ್ದಕ್ಕೆ. ಮೈಯಲ್ಲಿ ರಕ್ತದ ಕ್ಯಾಲ್ಸಿಯಂ ಅನ್ನ ಪ್ಯಾರಾಥೈರಾಯ್ಡ್ ಗ್ರಂಥಿ, ವಿಟಮಿನ್ ಡಿ, ಕಿಡ್ನಿ ಮೂರೂ ಸೇರಿ 100 ಮಿ.ಲೀ.ಗೆ 8.5ರಿಂದ 10.5 ಮಿ.ಗ್ರಾಂ ನಡುವೆ ಹಿಡಿದಿಡುತ್ತವೆ. ಹೆಚ್ಚಾದದ್ದು ಮೂತ್ರಕ್ಕೆ ಹೋಗುತ್ತೆ, ಕಲ್ಲು ಆದರೆ ಅಲ್ಲಿ ಆಗುತ್ತೆ, ಗರ್ಭಕೋಶದಲ್ಲಿ ಅಲ್ಲ. ಲೀಟರಿಗೆ 75 ಮಿ.ಗ್ರಾಂ ಕ್ಯಾಲ್ಸಿಯಂ ಇರೋ ನೀರು ಎರಡು ಲೀಟರ್ ಕುಡಿದರೆ 150 ಮಿ.ಗ್ರಾಂ ಸಿಕ್ಕ ಹಾಗೆ. ಶುದ್ಧ ನೀರಿನ ಘಟಕದ ಆರ್‌ಒ ನೀರಲ್ಲಿ ಅದು ಹೆಚ್ಚುಕಡಿಮೆ ಸೊನ್ನೆ. ಹಾಗಂತ ಫ್ಲೋರೈಡ್ ಇರೋ ಊರುಗಳಲ್ಲಿ, ಬಾಗೇಪಲ್ಲಿ, ಪಾವಗಡ ಕಡೆ, ಬೋರ್ ನೀರಿಗೆ ವಾಪಸ್ ಹೋಗೋದು ಸಲ್ಲ. ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ ಮೀರಿದರೆ ಮೂಳೆಗೇ ಹಾನಿ, ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದವರಿಗೆ ಇನ್ನೂ ಹೆಚ್ಚು. ಆ ಊರುಗಳಲ್ಲಿ ಕತ್ತು ತಿರುಗಿಸಲಾಗದ, ಬೆನ್ನು ಬಗ್ಗಿಸಲಾಗದ ನೋವನ್ನ ಬರೀ "ಕ್ಯಾಲ್ಸಿಯಂ ಕಮ್ಮಿ" ಅಂತ ಮಾತ್ರೆ ಕೊಟ್ಟು ಕಳಿಸಬೇಡಿ, ಎಕ್ಸ್‌ರೇ ಮಾಡಿಸಿ.

ಕೆರೆಕೋಡಿ ಸಿಎಚ್‌ಒ

ತುಂಬಾ ಉಪಕಾರ ಆಯ್ತು. ಎರಡು ವಿಷಯ ಉಳೀತು. ಬಸುರಿಯರಿಗೆ ಏನು ಹೇಳಲಿ? ಮತ್ತೆ ಬಯಾಪ್ಸಿ ಅಂದ ತಕ್ಷಣ "ಕತ್ತರಿಸಿದರೆ ಹರಡುತ್ತೆ, ಅದಕ್ಕಿಂತ ಗರ್ಭಕೋಶವನ್ನೇ ತೆಗೆಸಿಬಿಡ್ತೀವಿ" ಅಂತಾರೆ. ಇದಕ್ಕೆ ಉತ್ತರ?

ಒಬಿಜಿ ತುಮಕೂರು

ಬಸುರಿಯರ ಮಾತ್ರೆ ನಿಲ್ಲಿಸೋ ಪ್ರಶ್ನೆಯೇ ಇಲ್ಲ. ಸರ್ಕಾರದ ಕ್ರಮ ಇದು: 14ನೇ ವಾರದಿಂದ ಹೆರಿಗೆವರೆಗೆ 500 ಮಿ.ಗ್ರಾಂ ದಿನಕ್ಕೆ ಎರಡು ಸಲ, ಹೆರಿಗೆ ಆದ ಮೇಲೆ ಇನ್ನೂ 6 ತಿಂಗಳು. ಮಗುವಿನ ಮೂಳೆಗೆ ಮಾತ್ರ ಅಲ್ಲ ಇದು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಬಸುರಿಯರಲ್ಲಿ ಬಿಪಿ ಏರಿ ಫಿಟ್ಸ್‌ವರೆಗೆ ಹೋಗುವ ಕಾಯಿಲೆಯನ್ನ ಇದು ಕಡಿಮೆ ಮಾಡುತ್ತೆ. ಗೂಡಲ್ಲಿಟ್ಟ ಮಾತ್ರೆಯಿಂದ ಆಗೋ ನಷ್ಟ ತಾಯಿಯ ಜೀವಕ್ಕೇ ಬರಬಹುದು. ಹೊತ್ತು ಹೀಗೆ: ಬೆಳಗಿನ ತಿಂಡಿ ಜೊತೆ ಒಂದು, ರಾತ್ರಿ ಊಟದ ಜೊತೆ ಒಂದು, ಕಬ್ಬಿಣದ ಮಾತ್ರೆ ಮಧ್ಯಾಹ್ನ ಊಟವಾಗಿ ಎರಡು ಗಂಟೆ ಬಿಟ್ಟು, ಕಾಫಿ–ಟೀ ಜೊತೆ ಅಲ್ಲ.

ಬಯಾಪ್ಸಿಗೆ ಕತ್ತರಿ ಇಲ್ಲ. ಪೈಪೆಲ್ ಅಂತ ಸುಮಾರು 3 ಮಿ.ಮೀ. ದಪ್ಪದ ಮೆತ್ತನೆ ಪ್ಲಾಸ್ಟಿಕ್ ಕೊಳವೆ, ಪೆನ್ನಿನ ರೀಫಿಲ್ ಥರ. ಅದನ್ನ ಗರ್ಭಕೋಶದ ಕೊರಳಿನ ಮೂಲಕ ಒಳಗೆ ಬಿಟ್ಟು, ಒಳಗಿನ ಕಡ್ಡಿ ಹಿಂದಕ್ಕೆಳೆದು, ತಿರುಗಿಸ್ತಾ ಹೊರಗೆ ತಂದರೆ ಪದರದ ಚೂರುಗಳು ಕೊಳವೆಯೊಳಗೆ ಬಂದಿರುತ್ತೆ. ಒಳಗೆ ಇರೋದು ಒಂದು ನಿಮಿಷಕ್ಕಿಂತ ಕಡಿಮೆ. ಜೋರು ಮುಟ್ಟಿನ ನೋವು ಬಂದು ಹೋಗುತ್ತೆ. ಒಂದು ಗಂಟೆ ಮುಂಚೆ ನೋವಿನ ಮಾತ್ರೆ ಕೊಟ್ಟರೆ ಸಹಿಸೋದು ಸುಲಭ. ಅರಿವಳಿಕೆ ಕೊಡಬೇಕಾಗಿಲ್ಲ, ಅದೇ ದಿನ ಮನೆಗೆ ಹೋಗಬಹುದು. ಇದರಿಂದ ಕ್ಯಾನ್ಸರ್ ಹರಡಲ್ಲ. ಕೊರಳು ಬಿಗಿಯಾಗಿ ಕೊಳವೆ ಹೋಗದಿದ್ದರೆ, ಅಥವಾ ಪಾಲಿಪ್ ಕಂಡರೆ ಹಿಸ್ಟರೊಸ್ಕೋಪಿ, ಅಂದರೆ ಸಣ್ಣ ಕ್ಯಾಮೆರಾದಲ್ಲಿ ನೋಡಿ ತೆಗೆಯೋದು.

ಬಯಾಪ್ಸಿ ಇಲ್ಲದೆ ನೇರವಾಗಿ ಗರ್ಭಕೋಶ ತೆಗೆಸೋದು ಎರಡು ಕಡೆಯಿಂದ ನಷ್ಟ. ಕ್ಯಾನ್ಸರ್ ಇದ್ದರೆ ಆಪರೇಷನ್ನೇ ಬೇರೆ ಥರ: ಅಂಡಾಶಯ, ನಾಳ ತೆಗೆಯಬೇಕು, ಲಿಂಫ್ ಗ್ರಂಥಿಗಳನ್ನ ನೋಡಬೇಕು, ಗರ್ಭಕೋಶವನ್ನ ಚೂರು ಮಾಡದೆ ಇಡಿಯಾಗಿ ಹೊರತರಬೇಕು. ಸಾಮಾನ್ಯ ಆಪರೇಷನ್ ಆದ ಮೇಲೆ ಕ್ಯಾನ್ಸರ್ ಅಂತ ಗೊತ್ತಾದರೆ ಎರಡನೇ ಸಲ ಹೊಟ್ಟೆ ತೆರೆಯಬೇಕಾಗಬಹುದು. ಕ್ಯಾನ್ಸರ್ ಇಲ್ಲದಿದ್ದರೆ, ಬೇಡದ ಆಪರೇಷನ್ ಆಯ್ತು. 35–40ರಲ್ಲಿ ಬಿಳಿ ಹೋಗುತ್ತೆ ಅನ್ನೋ ಕಾರಣಕ್ಕೆ ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರಿಗೆ ಈಸ್ಟ್ರೊಜೆನ್ ಒಮ್ಮೆಗೇ ನಿಂತು ಮೂಳೆ ಬೇಗ ಸವೆಯುತ್ತೆ. ಕ್ಯಾಲ್ಸಿಯಂ ಎಲ್ಲರಿಗಿಂತ ಹೆಚ್ಚು ಬೇಕಾಗೋದು ಅವರಿಗೇ. ನಿಮ್ಮ ಪಟ್ಟಿಯಲ್ಲಿ ಅವರನ್ನ ಬೇರೆ ಗುರುತು ಮಾಡಿ, ಮೂಳೆ ಸಾಂದ್ರತೆ ನೋಡೋ ಡೆಕ್ಸಾ ಸ್ಕ್ಯಾನ್ ಎಲ್ಲಿ ಸಿಗುತ್ತೋ ಅಲ್ಲಿಗೆ ಕಳಿಸಿ.

ಪದರ ದಪ್ಪ ಆಗಿದೆ, ಕ್ಯಾನ್ಸರ್ ಅಲ್ಲ ಅಂತ ಬಂದರೆ, ಅಂದರೆ ಹೈಪರ್‌ಪ್ಲೇಸಿಯಾ, ಅದರಲ್ಲಿ ಎರಡು ಬಗೆ. ಕೋಶಗಳಲ್ಲಿ ವಿಕಾರ ಇಲ್ಲದಿದ್ದರೆ ಪ್ರೊಜೆಸ್ಟರಾನ್ ಮಾತ್ರೆ ಅಥವಾ ಗರ್ಭಕೋಶದೊಳಗೆ ಇಡುವ, ಹಾರ್ಮೋನ್ ಇರುವ ಸಾಧನ (ಐಯುಡಿ) ಹಾಕಿ 6 ತಿಂಗಳಿಗೆ ಮತ್ತೆ ಬಯಾಪ್ಸಿ. ರಿಪೋರ್ಟಿನಲ್ಲಿ "ಏಟಿಪಿಯಾ", ಅಂದರೆ ಕೋಶಗಳಲ್ಲಿ ವಿಕಾರ, ಅನ್ನೋ ಪದ ಇದ್ದರೆ ತಡಮಾಡುವ ಹಾಗಿಲ್ಲ.

ಸ್ಲೈಡ್ ಮೇಜು (ಪೆಥಾಲಜಿ, ತುಮಕೂರು)

ಬಯಾಪ್ಸಿ ಆದ ಮೇಲೂ ಕೆಲಸ ಕೆಡುವ ಜಾಗಗಳಿವೆ. ಚೂರು ನಮ್ಮ ಹತ್ತಿರ ಬರೋದು 10% ಫಾರ್ಮಲಿನ್‌ನಲ್ಲೇ, ಅದೂ ಚೂರಿನ ಹತ್ತು ಪಟ್ಟು ದ್ರವ ಇರಬೇಕು. ಅವಸರಕ್ಕೆ ಗ್ಲುಕೋಸ್ ಬಾಟಲಿಯ ಸಲೈನ್‌ಗೆ ಹಾಕಿ ಕೊಟ್ಟರೆ ದಾರಿಯಲ್ಲೇ ಕೋಶಗಳು ಕೊಳೆತು ಸ್ಲೈಡಿನಲ್ಲಿ ಏನೂ ಓದೋಕಾಗಲ್ಲ. ಡಬ್ಬದ ಮೈಮೇಲೆ ಹೆಸರಿರಲಿ, ಮುಚ್ಚಳದ ಮೇಲೆ ಬೇಡ, ಮುಚ್ಚಳ ಅದಲುಬದಲು ಆಗುತ್ತೆ. ಫಾರಂನಲ್ಲಿ ವಯಸ್ಸು, ಕೊನೆಯ ಮುಟ್ಟಿನ ದಿನ ಅಥವಾ ಮುಟ್ಟು ನಿಂತ ವರ್ಷ, ಸ್ಕ್ಯಾನಿಂಗ್‌ನಲ್ಲಿ ಪದರದ ಅಳತೆ, ಹಾರ್ಮೋನ್ ಅಥವಾ ಟಮಾಕ್ಸಿಫೆನ್ ತಗೊಳ್ತಿದ್ದಾರಾ ಅನ್ನೋದು ಇರಲೇಬೇಕು. ಇವಿಲ್ಲದೆ ಅದೇ ಚೂರನ್ನ ನೋಡಿ ಅರ್ಥ ಹೇಳೋದು ಕಷ್ಟ.

"ಇನ್‌ಅಡಿಕ್ವೇಟ್" ಅಂತ ರಿಪೋರ್ಟ್ ಬಂದರೆ ಕ್ಯಾನ್ಸರ್ ಇಲ್ಲ ಅಂತ ಅಲ್ಲ. ಚೂರು ಸಾಲಲಿಲ್ಲ ಅಂತ. ಪದರ ತೆಳ್ಳಗಿದ್ದು ಕಲೆ ನಿಂತಿದ್ದರೆ ಡಾಕ್ಟರ್ ಕಾಯಬಹುದು, ಪದರ ದಪ್ಪ ಇದ್ದರೆ ಮತ್ತೆ ತೆಗೆಯಲೇಬೇಕು. ಎಷ್ಟೋ ಜನ ಆ ಕಾಗದವನ್ನ "ಏನೂ ಇಲ್ಲ ಅಂತ ಬಂತು" ಅಂತ ಮಡಚಿ ಇಡ್ತಾರೆ, ದಯವಿಟ್ಟು ಅಕ್ಕಂದಿರು ಆ ಪದವನ್ನ ಗುರುತು ಹಿಡಿಯೋದು ಕಲೀಲಿ. ಡಿ ಅಂಡ್ ಸಿ ಆಗಿದೆ ಅಂದರೆ "ಲ್ಯಾಬ್ ರಿಪೋರ್ಟ್ ಎಲ್ಲಿ" ಅಂತ ಕೇಳಿ. ಕೆರೆದು ತೆಗೆದದ್ದು ಲ್ಯಾಬಿಗೆ ಹೋಗದೇ ಇದ್ದರೆ ಪರೀಕ್ಷೆ ಆಗಿಲ್ಲ ಅಂತಲೇ ಅರ್ಥ. ಗರ್ಭಕೋಶ ತೆಗೆದಾಗಲೂ ಅಷ್ಟೇ, ಬಕೆಟ್ಟಿನಲ್ಲಿ ಮನೆಯವರಿಗೆ ತೋರಿಸಿದರೆ ಸಾಲದು, ಲ್ಯಾಬಿಗೆ ಬರಬೇಕು.

ಕ್ಯಾನ್ಸರ್ ಅಂತ ಬಂದು ಬೆಂಗಳೂರಿನ ಕಿದ್ವಾಯಿಗೆ ಹೋಗೋದಾದರೆ ರಿಪೋರ್ಟ್ ಕಾಗದ ಮಾತ್ರ ಸಾಲಲ್ಲ. ಇಲ್ಲಿಂದ ಮೇಣದ ಬ್ಲಾಕ್ ಮತ್ತು ಸ್ಲೈಡುಗಳನ್ನ ಸಹಿ ಹಾಕಿ ಇಸ್ಕೊಂಡು ಹೋಗಿ. ಅಲ್ಲಿ ಅವರು ಮತ್ತೆ ನೋಡ್ತಾರೆ, ಬ್ಲಾಕ್ ಇದ್ದರೆ ಎರಡನೇ ಬಯಾಪ್ಸಿ ತಪ್ಪುತ್ತೆ. ಬ್ಲಾಕನ್ನ ಬಿಸಿಲಿಗೆ, ಬಸ್ಸಿನ ಎಂಜಿನ್ ಹತ್ತಿರ ಇಡಬೇಡಿ, ಮೇಣ ಕರಗುತ್ತೆ.

ಮದ್ದಿನಂಗಡಿ ಕೋಲಾರ

ದುಡ್ಡಿನ ಬಗ್ಗೆ ಒಂದು ಸಾಲು ಸೇರಿಸ್ತೀನಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30%, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಅದಿಲ್ಲದೆ ನೇರ ಖಾಸಗಿಗೆ ಹೋಗಿ ಅಡ್ಮಿಟ್ ಆದ ಮೇಲೆ ಚೀಟಿಗೆ ಓಡಾಡೋದು ಆಗದ ಕೆಲಸ. ಮೊದಲು ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಕಳಿಸಿ, ಆಧಾರ್ ಮತ್ತು ರೇಷನ್ ಕಾರ್ಡ್ ಜೊತೆಯಲ್ಲಿರಲಿ.

ಕೆರೆಕೋಡಿ ಸಿಎಚ್‌ಒ

ಆಯ್ತು. ರೆಫರಲ್ ಚೀಟಿಯಲ್ಲಿ "ಮುಟ್ಟು ನಿಂತ ನಂತರದ ರಕ್ತಸ್ರಾವ, ಟಿವಿಎಸ್ ಮತ್ತು ಅಗತ್ಯವಿದ್ದರೆ ಬಯಾಪ್ಸಿ" ಅಂತ ಬರೆದು ಕಳಿಸ್ತೀನಿ. ಒಂದು ಅನುಮಾನ: ಕಲೆ ಮೂತ್ರದ್ದೋ, ಮೂಲವ್ಯಾಧಿಯದ್ದೋ, ಗರ್ಭಕೋಶದ್ದೋ ಅಂತ ಕೆಲವರಿಗೆ ಹೇಳೋಕೇ ಬರಲ್ಲ.

ಒಬಿಜಿ ತುಮಕೂರು

ಬಿಳಿ ಹತ್ತಿ ಬಟ್ಟೆ ಮಡಚಿ ಒಂದು ದಿನ ಇಟ್ಟುಕೊಳ್ಳೋಕೆ ಹೇಳಿ, ಬಣ್ಣದ ಬಟ್ಟೆ ಬೇಡ. ಮೂತ್ರ ಮಾಡುವಾಗ ಮಾತ್ರ ಕೆಂಪು ಕಂಡು ಬಟ್ಟೆ ಶುಭ್ರ ಇದ್ದರೆ ಮೂತ್ರದ ಕಡೆ ಯೋಚಿಸಿ. ಮಲದ ಮೇಲೆ ಗೆರೆಯ ಹಾಗೆ ಕೆಂಪು ಇದ್ದರೆ ಮಲದ್ವಾರದ್ದು. ಬಟ್ಟೆಯ ನಡುವೆ ಕಂದೋ, ಗುಲಾಬಿ ನೀರೋ, ಕೆಂಪೋ ಏನು ಕಂಡರೂ ಗರ್ಭಕೋಶದ್ದು ಅಂತಲೇ ಹಿಡಿದು ಕಳಿಸಿ. ಗೊತ್ತಾಗದಿದ್ದರೂ ಕಳಿಸಿ, ಒಳಗೆ ನೋಡಿದರೆ ನಮಗೆ ತಿಳಿಯುತ್ತೆ. ಕಲೆ ಆದ ಬಟ್ಟೆಯನ್ನ ತೊಳೆಯದೆ ಕವರಿನಲ್ಲಿ ಹಾಕಿ ಜೊತೆಗೆ ತರಲಿ, ತೋರಿಸೋಕೆ ನಾಚಿಕೆ ಪಡಬೇಕಾಗಿಲ್ಲ ಅಂತ ನೀವೇ ಹೇಳಿ ಕಳಿಸಿ. ಅವರು ತಗೊಳ್ತಿರೋ ಎಲ್ಲಾ ಮಾತ್ರೆಗಳ ಖಾಲಿ ಸ್ಟ್ರಿಪ್ಪುಗಳೂ ಅದೇ ಚೀಲದಲ್ಲಿರಲಿ, ಕ್ಯಾಲ್ಸಿಯಂದೂ ಸೇರಿ.